ಅಡುಗೆಮನೆ ಕಲ್ಲಿನಲ್ಲಿ ಅಂಗೈ ಅಗಲದ ಕಪ್ಪು ಮಚ್ಚೆ. ಇದು ಏನು?

ಹಳ್ಳದಂಚಿನ_ಮನೆ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ನಮ್ಮ ಹಳೇ ಮನೆ ರಿಪೇರಿ ನಡೆಯುತ್ತಿದೆ. ಅಡುಗೆಮನೆ ಕಟ್ಟೆಗೆ ಅಂತ ಶಿವಮೊಗ್ಗದಿಂದ ಗ್ರಾನೈಟ್ ತಂದೆವು. ತಿಳಿ ಗುಲಾಬಿ ಬಣ್ಣ, ದಪ್ಪ ದಪ್ಪ ಕಣ. ಅಂಗಡಿಯಲ್ಲಿ ಮೇಲೆಲ್ಲ ಧೂಳಿತ್ತು. ಮನೆಗೆ ತಂದು ತೊಳೆದ ಮೇಲೆ ನೋಡಿದರೆ ಒಂದು ಕಡೆ ಅಂಗೈ ಅಗಲದ ಕಪ್ಪು ಮಚ್ಚೆ. ಉಜ್ಜಿದರೆ ಹೋಗುವುದಿಲ್ಲ, ಕಲ್ಲಿನ ಒಳಗೇ ಇದೆ. ಹಿಂಭಾಗದಲ್ಲೂ ಕಾಣುತ್ತದೆ.

ಅಂಗಡಿಗೆ ಫೋನ್ ಮಾಡಿದೆ. "ಕಲ್ಲೇ ಹಾಗೆ ಮೇಡಂ, ವಾಪಸ್ ಆಗಲ್ಲ" ಅಂದರು. ಮೇಸ್ತ್ರಿ "ಇದು ಬೇರೆ ಕಲ್ಲು ಸೇರಿಕೊಂಡಿದೆ, ಮುಂದೆ ಅಲ್ಲೇ ಬಿರುಕು ಬಿಡುತ್ತೆ. ಸಿಂಕ್ ತೂತನ್ನು ಅಲ್ಲೇ ಕೊಯ್ದು ಮಚ್ಚೆ ತೆಗೆದುಬಿಡೋಣ" ಅನ್ನುತ್ತಿದ್ದಾರೆ.

ಇನ್ನೊಂದು ವಿಷಯ. ಮನೆ ಹಿಂದಿನ ಹಳ್ಳದಲ್ಲಿ ಬಟ್ಟೆ ಒಗೆಯುವ ಬಂಡೆ ಇದೆ. ಅದರಲ್ಲೂ ಕಪ್ಪು ಪಟ್ಟೆಗಳಿವೆ, ಚಿಕ್ಕಂದಿನಿಂದ ನೋಡುತ್ತಿದ್ದೇನೆ. ಎರಡೂ ಒಂದೇನಾ? ಗೊತ್ತಿದ್ದವರು ಹೇಳಿ.

ಮುಂಗಾರು_ಮಗ:
ನಮ್ಮ ಮನೆ ಮೆಟ್ಟಿಲಿನಲ್ಲೂ ಇದೆ! ಎಣ್ಣೆ ಕಲೆ ಅಂದುಕೊಂಡಿದ್ದೆ.

ಉಳಿಸುತ್ತಿಗೆ:
ಅಕ್ಕಾ, 20 ವರ್ಷದಿಂದ ಕಲ್ಲು ಕೊಯ್ಯುವ ಕೆಲಸ ನನ್ನದು. ಇದಕ್ಕೆ ನಾವು ಪ್ಯಾಚ್ ಅನ್ನುತ್ತೇವೆ. ಪ್ಯಾಚ್ ಇದ್ದ ಕಲ್ಲಿಗೆ ರೇಟು ಕಡಿಮೆ. ನಿಮಗೆ ಮೊದಲೇ ಹೇಳಿ ಕಡಿಮೆ ಮಾಡಿ ಕೊಡಬೇಕಿತ್ತು. ಅದು ಅಂಗಡಿಯವರ ತಪ್ಪೇ.

ಆದರೆ ಬಿರುಕು ಬಿಡುತ್ತೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗುಲಾಬಿ ಭಾಗದ ಮೇಲೆ ಒಂದು ರೂಪಾಯಿ ನಾಣ್ಯದಿಂದ ಬಡಿಯಿರಿ, ಆಮೇಲೆ ಮಚ್ಚೆ ಮೇಲೆ, ಆಮೇಲೆ ಅಂಚಿನ ಮೇಲೆ. ಮೂರೂ ಕಡೆ ಒಂದೇ ಥರ ಟಣ್ ಅಂದರೆ ಒಳಗೆ ಸೀಳಿಲ್ಲ. ಡಬ್ ಅಂದರೆ ಮಾತ್ರ ಯೋಚನೆ ಮಾಡಿ. ಇಂಥ ಮಚ್ಚೆ ಅಂಚಿನಲ್ಲಿ ಬಿಟ್ಟುಕೊಂಡದ್ದನ್ನು ನನ್ನ ಕೈಯಲ್ಲಿ ನಾನು ನೋಡಿಲ್ಲ. ಕಲ್ಲು ಒಡೆದರೆ ಮಚ್ಚೆಯ ನಡುವೆಯೇ ಹಾದು ಒಡೆಯುತ್ತದೆ. ಅಷ್ಟು ಗಟ್ಟಿ ಬೆಸುಗೆ.

ತುಂಗಾತೀರ:
ಇದು ಜೀನೋಲಿತ್. ಗ್ರಾನೈಟ್ ಕರಗಿದ ಸ್ಥಿತಿಯಲ್ಲಿ ಮೇಲೇರಿ ಬರುವಾಗ ಅಕ್ಕಪಕ್ಕದ ಹಳೇ ಕಲ್ಲು ಮುರಿದು ಒಳಗೆ ಬಿದ್ದಿರುತ್ತದೆ. ಬಿಎಸ್ಸಿಯಲ್ಲಿ ಓದಿದ್ದೇನೆ. ಪ್ರಶ್ನೆ ಮುಗಿಯಿತು.

ಕಲ್ಲುಪಾಠ:
ಪ್ರಶ್ನೆ ಅಷ್ಟು ಬೇಗ ಮುಗಿಯುವುದಿಲ್ಲ ತಮ್ಮ. ಮುರಿದು ಬಿದ್ದ ಕಲ್ಲಿಗೆ ಮೂಲೆ ಇರುತ್ತದೆ, ಚೂಪು ಇರುತ್ತದೆ. ಒಡೆದ ಹೆಂಚಿನ ಚೂರಿನ ಹಾಗೆ. ಮೊದಲು ಆಕಾರ ಕೇಳೋಣ.

ಅಮ್ಮಾ, ಕಲ್ಲಿನ ಮೇಲೆ ಸ್ವಲ್ಪ ನೀರು ಹಾಕಿ, ಭೂತಗನ್ನಡಿ ಇದ್ದರೆ ಹಿಡಿದು ನೋಡಿ. ಮಚ್ಚೆಯ ಅಂಚು ನೆಟ್ಟಗಿದೆಯಾ, ಇಲ್ಲಾ ಮೋಡದ ಅಂಚಿನ ಹಾಗೆ ಗುಂಡುಗುಂಡಾಗಿ ಒಳಗೆ ಹೊರಗೆ ಹೋಗಿದೆಯಾ? ಮಚ್ಚೆಯ ಕಣ ಸುತ್ತಲಿನ ಕಲ್ಲಿಗಿಂತ ಸಣ್ಣದಾ ದೊಡ್ಡದಾ? ಕಪ್ಪಿನ ಒಳಗೆ ಎಲ್ಲಾದರೂ ಗುಲಾಬಿ ಹರಳು ಕಾಣುತ್ತದಾ? ಈ ಮೂರನ್ನು ಹೇಳಿ. ನಾನು 30 ವರ್ಷ ಭೂವಿಜ್ಞಾನ ಪಾಠ ಮಾಡಿದವನು. ಕೊನೆಯ ಪ್ರಶ್ನೆಯ ಉತ್ತರಕ್ಕೆ ಕಾಯುತ್ತಿದ್ದೇನೆ.

ಹೊಸನಗರದ_ಅಡಿಕೆ:
ಗ್ರಾನೈಟ್ ಯಾಕೆ ಬೇಕಿತ್ತು ಮಾರಾಯ್ರೇ? ನಮ್ಮಲ್ಲಿ ಕಡಪ ಕಲ್ಲು ಹಾಕಿ 35 ವರ್ಷ ಆಯಿತು, ಏನೂ ಆಗಿಲ್ಲ.

ಹಳ್ಳದಂಚಿನ_ಮನೆ:
ನೋಡಿದೆ ಮೇಷ್ಟ್ರೇ. ಅತ್ತೆ ಪಂಚಾಂಗ ಓದಲು ಇಟ್ಟುಕೊಂಡಿರುವ ಭೂತಗನ್ನಡಿ ತಂದೆ. ನಾಣ್ಯದ ಪರೀಕ್ಷೆಯೂ ಆಯಿತು, ಮೂರೂ ಕಡೆ ಟಣ್ ಅಂತಲೇ ಅಂದಿತು.

ಅಂಚು ನೆಟ್ಟಗಿಲ್ಲ. ಒಟ್ಟಾರೆ ಮೊಟ್ಟೆ ಆಕಾರ, ಆದರೆ ಅಂಚಿನಲ್ಲಿ ಸಣ್ಣ ಸಣ್ಣ ಉಬ್ಬು. ಹೂಕೋಸಿನ ಹಾಗೆ. ಕಪ್ಪು ಅಂದರೆ ಪೂರ್ತಿ ಕಪ್ಪಲ್ಲ, ಕಡುಬೂದಿ. ಕಣ ಬಹಳ ಸಣ್ಣ, ಚಿರೋಟಿ ರವೆಗಿಂತಲೂ ಸಣ್ಣ. ಅಂಚಿಗೆ ಬಂದ ಹಾಗೆ ಇನ್ನೂ ನುಣುಪು, ಇನ್ನೂ ಕಪ್ಪು.

ಮತ್ತೆ ಗುಲಾಬಿ ಹರಳು ಇದೆ! ಕಪ್ಪಿನ ಒಳಗೆ ಎರಡು. ಮೂರನೆಯದು ಸರಿಯಾಗಿ ಗಡಿಯ ಮೇಲೆ ಕೂತಿದೆ. ಅಡಿಕೆ ಹೋಳಿನಷ್ಟು ದೊಡ್ಡದು. ಅರ್ಧ ಗುಲಾಬಿ ಕಲ್ಲಿನಲ್ಲಿ, ಅರ್ಧ ಮಚ್ಚೆಯೊಳಗೆ. ತುಂಡಾಗಿಲ್ಲ, ಒಂದೇ ಹರಳು. ಫೋಟೋ ಹಾಕಿದ್ದೇನೆ.

ಕಲ್ಲುಪಾಠ:
ಫೋಟೋ ನೋಡಿದೆ. ನಿಮ್ಮ ಅತ್ತೆಯವರ ಭೂತಗನ್ನಡಿಗೆ ನಮಸ್ಕಾರ.

ಆ ಮೂರನೆಯ ಹರಳೇ ಸಾಕ್ಷಿ. ಮಚ್ಚೆ ಗಟ್ಟಿ ಕಲ್ಲಾಗಿ ಬಿದ್ದಿದ್ದರೆ, ಹೊರಗೆ ಬೆಳೆದ ಹರಳು ಅದರೊಳಗೆ ಅರ್ಧ ತೂರಿಕೊಳ್ಳಲು ಸಾಧ್ಯವೇ ಇಲ್ಲ. ಹರಳು ಒಳಗೆ ಹೋಗಬೇಕಾದರೆ ಮಚ್ಚೆ ಆಗ ಮೆತ್ತಗಿರಬೇಕು. ಅಂದರೆ ಅದೂ ಕರಗಿದ್ದ ಪಾಕ. ನಿಮ್ಮ ಕಲ್ಲಿನಲ್ಲಿ ಎರಡು ಬೇರೆ ಬೇರೆ ಶಿಲಾಪಾಕಗಳು ಒಂದೇ ಹೊತ್ತಿಗೆ ಬಿಸಿಯಾಗಿದ್ದವು, ಒಂದರೊಳಗೆ ಒಂದು ಹೊಕ್ಕವು. ಕಪ್ಪು ಮಚ್ಚೆ ಎರಡನೆಯದರ ಹನಿ.

ನಡೆದದ್ದು ಹೀಗೆ. ನೆಲದ ಕೆಳಗೆ ಹಲವು ಕಿಲೋಮೀಟರ್ ಆಳದಲ್ಲಿ ಗ್ರಾನೈಟ್ ಪಾಕ ಇತ್ತು. ಅದರ ಬಿಸಿ 700ರಿಂದ 850 ಡಿಗ್ರಿ ಸೆಲ್ಸಿಯಸ್. ಸಿಲಿಕಾ, ಅಂದರೆ ಬೆಣಚಿನ ಮೂಲವಸ್ತು, ಜಾಸ್ತಿ, ನೂರಕ್ಕೆ 70ರಷ್ಟು. ಹಾಗಾಗಿ ಬಹಳ ಮಂದ, ಹರಿಯಲು ಸೋಮಾರಿ. ಅದಕ್ಕೂ ಕೆಳಗಿನಿಂದ, ಭೂಮಿಯ ಮ್ಯಾಂಟಲ್ ಪದರದಿಂದ, ಬಸಾಲ್ಟ್ (ಜ್ವಾಲಾಮುಖಿಗಳ ಕಪ್ಪು ಕಲ್ಲು) ಥರದ ಪಾಕ ಮೇಲೆ ಬಂತು. ಅದು 1100ರಿಂದ 1200 ಡಿಗ್ರಿ. ಸಿಲಿಕಾ ನೂರಕ್ಕೆ 50ರ ಆಸುಪಾಸು. ಕಬ್ಬಿಣ, ಮೆಗ್ನೀಸಿಯಂ ಜಾಸ್ತಿ, ಬಣ್ಣ ಕಪ್ಪು, ನೀರಾಗಿ ಹರಿಯುವ ಗುಣ. ಗ್ರಾನೈಟಿಗೆ 800 ಡಿಗ್ರಿ ಬಿಸಿ ಅಂದರೆ ಕರಗಿದ ಸ್ಥಿತಿ. ಬಸಾಲ್ಟಿಗೆ ಅದೇ 800 ಡಿಗ್ರಿ ಅಂದರೆ ಚಳಿ. ಒಳಗೆ ಹೊಕ್ಕ ಹನಿ ಸುತ್ತಲೂ ಗಬಕ್ಕನೆ ಗಟ್ಟಿಯಾಯಿತು. ಬೇಗ ತಣಿದರೆ ಹರಳು ಬೆಳೆಯಲು ಹೊತ್ತು ಸಿಗುವುದಿಲ್ಲ, ಅದಕ್ಕೇ ಕಣ ಸಣ್ಣ. ಅಂಚು ಎಲ್ಲಕ್ಕಿಂತ ಮೊದಲು ತಣಿಯಿತು, ಅದಕ್ಕೇ ಅಲ್ಲಿ ಇನ್ನೂ ನುಣುಪು. ನೀವು ಕಣ್ಣಲ್ಲಿ ಕಂಡದ್ದು ಇದನ್ನೇ.

ಇಂಥ ಮಚ್ಚೆಗಳಿಗೆ ಎನ್‌ಕ್ಲೇವ್ ಎಂದು ಹೆಸರು.

ಸಾಗರದ_ಅಕ್ಕ:
ಅಯ್ಯೋ ಇದು ನಮ್ಮ ಆಲೆಮನೆ! ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಹದಕ್ಕೆ ಬಂತಾ ಅಂತ ನೋಡಲು ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಡುತ್ತೇವೆ. ಹದ ಬಂದಿದ್ದರೆ ನೀರಿನಲ್ಲಿ ಕರಗುವುದಿಲ್ಲ, ತಳದಲ್ಲಿ ಉಂಡೆಯಾಗಿ ಕೂರುತ್ತದೆ. ಬೆರಳಲ್ಲಿ ಒತ್ತಿದರೆ ಮೇಲೆ ಗಟ್ಟಿ, ಒಳಗೆ ಮೆತ್ತಗೆ. ಕನ್ನಡದಲ್ಲಿ ಶಿಲಾಪಾಕ ಎಂದು ಹೆಸರಿಟ್ಟವರು ಆಲೆಮನೆ ನೋಡಿದವರೇ ಇರಬೇಕು.

ಕಲ್ಲುಪಾಠ:
ಅಕ್ಕಾ, ನನ್ನ ಪಾಠಕ್ಕಿಂತ ಚೆನ್ನಾಗಿ ಹೇಳಿದಿರಿ. ಒಂದು ತಿದ್ದುಪಡಿ ಮಾತ್ರ. ನಿಮ್ಮ ಬಟ್ಟಲಿನಲ್ಲಿ ಪಾಕ ಮಂದ, ನೀರು ತೆಳು. ಕಲ್ಲಿನ ಕಥೆಯಲ್ಲಿ ಉಲ್ಟಾ. ಹೊರಗಿನ ಗ್ರಾನೈಟ್ ಪಾಕವೇ ಮಂದ, ಬಸಾಲ್ಟಿಗಿಂತ ಸಾವಿರಾರು ಪಟ್ಟು, ಕೆಲವೊಮ್ಮೆ ಲಕ್ಷಾಂತರ ಪಟ್ಟು. ನೀರಿನ ಬದಲು ಹಲಸಿನ ಮೇಣ ಅಂದುಕೊಳ್ಳಿ. ಮೇಣದೊಳಗೆ ಬಿಸಿ ಹನಿ ಬಿದ್ದಿದೆ. ಹನಿ ತಣಿದು ಹರಳು ಕಟ್ಟಿದ ಮೇಲೆ ಲೆಕ್ಕ ತಿರುಗಿ, ಹನಿಯೇ ಮೇಣಕ್ಕಿಂತ ಗಟ್ಟಿ. ಆಮೇಲೆ ಕಲಸಿದರೂ ಉಂಡೆ ಉಂಡೆಯಾಗಿಯೇ ಉಳಿಯುತ್ತದೆ.

ಭದ್ರಾವತಿ_ಫೌಂಡ್ರಿ:
ನಾನು ಕುಲುಮೆಯ ಮುಂದೆ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಊರಲ್ಲಿ 1923ರಿಂದ ಕಬ್ಬಿಣ ಕರಗಿಸಿದ್ದಾರೆ. ಕರಗಿದ ಕಬ್ಬಿಣ ಬಿಡುವಾಗ ಮೇಲೆ ಕಿಟ್ಟ ತೇಲುತ್ತದೆ. ಎರಡೂ ಕೆಂಪಗೆ ಕುದಿಯುತ್ತಿರುತ್ತವೆ, ಆದರೆ ಎಷ್ಟು ಕಲಕಿದರೂ ಬೆರೆಯುವುದಿಲ್ಲ. ಕಲ್ಲಿನ ಮಚ್ಚೆಯೂ ಹಾಗೇ ಅಲ್ವಾ? ಎಣ್ಣೆ ನೀರಿನ ಥರ?

ಕಲ್ಲುಪಾಠ:
ಒಳ್ಳೇ ಪ್ರಶ್ನೆ ಅಣ್ಣಾ, ಆದರೆ ಇಲ್ಲ. ಕಬ್ಬಿಣಕ್ಕೂ ಕಿಟ್ಟಕ್ಕೂ ಬೆರೆಯುವ ಗುಣವೇ ಇಲ್ಲ, ನೂರು ವರ್ಷ ಕುದಿಸಿದರೂ ಅಷ್ಟೇ. ಈ ಎರಡು ಪಾಕಗಳಿಗೆ ಬೆರೆಯುವ ಗುಣ ಇದೆ, ಹೊತ್ತು ಸಾಲದು. ಬೆರೆಯುವ ಮೊದಲೇ ಒಂದು ಗಟ್ಟಿಯಾಗಿಬಿಡುತ್ತದೆ.

ಆದ್ದರಿಂದ ಎಷ್ಟು ಬಂತು ಅನ್ನುವುದು ಮುಖ್ಯ. ಬಸಾಲ್ಟ್ ಸ್ವಲ್ಪವೇ ಬಂದರೆ ಅದರ ಶಾಖ ಸಾಲುವುದಿಲ್ಲ, ಉಂಡೆಗಳು ಉಳಿಯುತ್ತವೆ. ಜಾಸ್ತಿ ಬಂದರೆ ಗ್ರಾನೈಟ್ ಪಾಕವೂ ಕಾಯುತ್ತದೆ, ತೆಳುವಾಗುತ್ತದೆ, ಎರಡೂ ಪೂರ್ತಿ ಬೆರೆತು ಮೂರನೇ ಕಲ್ಲೇ ಹುಟ್ಟುತ್ತದೆ. 70ರ ಸಿಲಿಕಾಕ್ಕೆ 50ರದ್ದು ಸಮಸಮ ಸೇರಿದರೆ 60. ಬೂದುಬಣ್ಣದ ಕೆಲವು ಗ್ರಾನೊಡಯೊರೈಟ್‌ಗಳು, ಟೋನಲೈಟ್‌ಗಳು ಹುಟ್ಟಿದ್ದು ಹಾಗೆ. ಅದರಲ್ಲಿ ಮಚ್ಚೆ ಕಾಣದಿದ್ದರೂ ಕಲ್ಲು ಪೂರ್ತಿ ಮಿಶ್ರಣವೇ.

ತುಂಗಾತೀರ:
ಜೀನೋಲಿತ್ ವಾದ ವಾಪಸ್ ತೆಗೆದುಕೊಂಡೆ, ಆ ಹರಳಿನ ಫೋಟೋ ನೋಡಿ. ಆದರೆ ಇನ್ನೊಂದು ವಾದ ಇದೆಯಲ್ಲ ಸಾರ್? ಆಸ್ಟ್ರೇಲಿಯಾದ ಭೂವಿಜ್ಞಾನಿಗಳಾದ ಚ್ಯಾಪೆಲ್ ಮತ್ತು ವೈಟ್ ಹೇಳಿದ ರೆಸ್ಟೈಟ್. ನೆಲದಾಳದ ಕಲ್ಲು ಕರಗಿ ಗ್ರಾನೈಟ್ ಪಾಕ ಆಗುವಾಗ ಕರಗದೆ ಉಳಿದ ಗಸಿಯೇ ಈ ಕಪ್ಪು ಮಚ್ಚೆ. ಎರಡನೇ ಪಾಕ ಯಾಕೆ ಬೇಕು? ಕಾಫಿ ಸೋಸಿದ ಮೇಲೆ ಚರಟ ಉಳಿಯುವುದಿಲ್ಲವೇ, ಹಾಗೆ.

ಕಲ್ಲುಪಾಠ:
ಭೇಷ್, ಈಗ ವಾದಕ್ಕೆ ಕಳೆ ಬಂತು. ಅವರಿಬ್ಬರೂ ದೊಡ್ಡವರು, ಗ್ರಾನೈಟ್‌ಗಳಿಗೆ, ಯಾವ ಕಲ್ಲು ಕರಗಿ ಆದವು ಎಂದು ನೋಡಿ, ಐ ಮತ್ತು ಎಸ್ ಎಂದು ವಿಂಗಡಣೆ ಕೊಟ್ಟವರು. ಆದರೆ ಅದೇ ಆಸ್ಟ್ರೇಲಿಯಾದ ರಾನ್ ವರ್ನನ್ 1984ರಲ್ಲಿ ಆ ಎನ್‌ಕ್ಲೇವ್‌ಗಳನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿ ಬೇರೆ ಮಾತು ಹೇಳಿದರು. ಇವು ಗಸಿಯಲ್ಲ, ತಟ್ಟನೆ ತಣಿದ ಮಿಶ್ರ ಪಾಕದ ಉಂಡೆಗಳು ಎಂದು.

ಹೇಗೆ ಗೊತ್ತಾಗುತ್ತದೆ? ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜುತ್ತೇವೆ. ಆಗ ಬೆಳಕು ಅದರೊಳಗೆ ಹಾಯುತ್ತದೆ. ಮಚ್ಚೆಯೊಳಗೆ ಆಪಟೈಟ್ ಎಂಬ ಖನಿಜ ಕೂದಲಿನಂಥ ಉದ್ದ ಸೂಜಿಗಳಾಗಿ ಕಾಣುತ್ತದೆ. ನಿಧಾನಕ್ಕೆ ಬೆಳೆದರೆ ಅದು ಗಿಡ್ಡ, ದಪ್ಪ. ಸೂಜಿಯಾಗುವುದು ಪಾಕ ಬೇಗ ತಣಿದಾಗ. ಸೋಸಿ ಉಳಿದ ಚರಟದಲ್ಲಿ ಹೀಗೆ ಹೊಸ ಸೂಜಿ ಬೆಳೆಯುವುದಿಲ್ಲ.

ಇನ್ನೊಂದು ಗುರುತು ನನಗೆ ಬಹಳ ಇಷ್ಟ. ಗ್ರಾನೈಟಿನ ಬೆಣಚು ಕಣ ಬಿಸಿ ಹನಿಯೊಳಗೆ ಬಿದ್ದರೆ ಅದರ ಮೂಲೆಗಳು ಕರಗಿ ಗುಂಡಗಾಗುತ್ತದೆ. ಸುತ್ತಲೂ ಹಾರ್ನ್‌ಬ್ಲೆಂಡ್ ಎಂಬ ಕಡುಹಸಿರು ಖನಿಜದ ಉಂಗುರ ಕಟ್ಟುತ್ತದೆ. ಕಣ್ಣಿನ ಗುಡ್ಡೆಗೆ ಕಾಡಿಗೆ ಹಚ್ಚಿದ ಹಾಗೆ.

ನಿಮ್ಮ ಮಾತಿನಲ್ಲೂ ಸತ್ಯ ಇದೆ. ಕೆಸರುಗಲ್ಲು ಕರಗಿ ಆದ ಗ್ರಾನೈಟ್‌ಗಳಲ್ಲಿ ಕಾಗೆಬಂಗಾರವೇ ತುಂಬಿದ ತೆಳು ಕಪ್ಪು ಚಕ್ಕೆಗಳು ಸಿಗುತ್ತವೆ. ಅವನ್ನು ಈಗಲೂ ಗಸಿ ಅಂತಲೇ ತಿಳಿಯುತ್ತೇವೆ. ಗುಂಡಗಿನ, ಸಣ್ಣ ಕಣದ, ಹಾರ್ನ್‌ಬ್ಲೆಂಡ್ ಇರುವ ಮಚ್ಚೆಗಳ ಲೆಕ್ಕ ಬೇರೆ.

ರಸಾಯನ_ಮೇಡಂ:
ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈ ಎರಡು ಪಾಕದ ಮಾತನ್ನು ಮೊದಲು ಎತ್ತಿದವರಲ್ಲಿ ಬುನ್ಸೆನ್ ಒಬ್ಬರು, ನಮ್ಮ ಪ್ರಯೋಗಶಾಲೆಯ ಬುನ್ಸೆನ್ ಬರ್ನರ್‌ಗೆ ಹೆಸರು ಕೊಟ್ಟವರೇ! 1846ರಲ್ಲಿ ಐಸ್‌ಲ್ಯಾಂಡಿಗೆ ಹೋಗಿ ಅಲ್ಲಿನ ಜ್ವಾಲಾಮುಖಿ ಕಲ್ಲುಗಳನ್ನು ತಂದು ಪರೀಕ್ಷೆ ಮಾಡಿದರು. ಎರಡು ಮೂಲ ಪಾಕ ಬೇರೆ ಬೇರೆ ಅಳತೆಯಲ್ಲಿ ಬೆರೆತರೆ ನಡುವಿನ ಎಲ್ಲ ಕಲ್ಲೂ ಬರುತ್ತವೆ ಎಂದು 1851ರಲ್ಲಿ ಬರೆದರು. ಮಕ್ಕಳಿಗೆ ಬರ್ನರ್ ಹಚ್ಚುವಾಗ ಇದನ್ನೂ ಹೇಳುತ್ತೇನೆ.

ತುಂಗಾತೀರ:
ಹಾಗಿದ್ದರೆ ನಮ್ಮ ಸಿಲೆಬಸ್ಸಿನಲ್ಲಿ ಬರೀ ಬೋವೆನ್ ಯಾಕೆ ಇದ್ದರು?

ಕಲ್ಲುಪಾಠ:
ಬೋವೆನ್ ಅಷ್ಟು ದೊಡ್ಡವರು, ಅದಕ್ಕೆ. ಒಂದೇ ಪಾಕ ತಣಿಯುತ್ತಾ ಹರಳುಗಳು ಒಂದೊಂದಾಗಿ ಬೇರೆಯಾದರೆ ಬಸಾಲ್ಟಿನಿಂದ ಗ್ರಾನೈಟಿನವರೆಗೆ ಬರಬಹುದು ಎಂದು 1928ರಲ್ಲಿ ಪುಸ್ತಕವನ್ನೇ ಬರೆದರು. ಅದು ತಪ್ಪಲ್ಲ. ಆದರೆ ಅದರ ಪ್ರಭಾವದಲ್ಲಿ ಬೆರಕೆಯ ಮಾತು ಬಹಳ ಕಾಲ ಮೂಲೆಗೆ ಬಿತ್ತು. ಅಮೆರಿಕದ ಯೆಲ್ಲೊಸ್ಟೋನ್‌ನಲ್ಲಿ ಒಂದು ನದಿ ಬದಿಯ ಬಂಡೆ ಇದೆ, ಕಪ್ಪು ಬಸಾಲ್ಟ್ ಮತ್ತು ಬಿಳಿ ರಯೊಲೈಟ್ (ಗ್ರಾನೈಟ್ ಥರದ ಪಾಕ ನೆಲದ ಮೇಲೆ ಬಂದು ತಣಿದ ಕಲ್ಲು) ಸುತ್ತಿಕೊಂಡಿವೆ. 1938ರಲ್ಲಿ ಫೆನ್ನರ್ ಎಂಬವರು, ಗಟ್ಟಿ ಬಸಾಲ್ಟನ್ನು ಬಿಸಿ ರಯೊಲೈಟ್ ಕೊರೆದು ಕರಗಿಸಿತು ಎಂದರು. 1944ರಲ್ಲಿ ವಿಲ್ಕಾಕ್ಸ್ ಅದೇ ಬಂಡೆ ನೋಡಿ, ಇಲ್ಲ, ಎರಡೂ ಒಂದೇ ಹೊತ್ತಿಗೆ ದ್ರವವಾಗಿದ್ದವು ಎಂದು ತೋರಿಸಿದರು. ನಿಮ್ಮದೂ ನನ್ನದೂ ಇಲ್ಲಿ ನಡೆದದ್ದು ಇದೇ ಜಗಳ. 1970ರ ದಶಕದ ನಂತರವೇ ಎಲ್ಲರೂ ಮತ್ತೆ ಇದರ ಬೆನ್ನು ಹತ್ತಿದ್ದು.

ಮುಂಗಾರು_ಮಗ:
ಇದೆಲ್ಲ ಹಳೇ ಕಾಲದ್ದು ಸರಿ. ಈಗಲೂ ಹೀಗೆ ಆಗುತ್ತಾ?

ರಸಾಯನ_ಮೇಡಂ:
ಆಗುತ್ತದೆ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿಯಿತಲ್ಲ, ಅದಕ್ಕೆ ಕಾರಣ ಇದೇ. ಕೆಳಗಿನಿಂದ ಬಂದ ಬಸಾಲ್ಟ್ ಮೇಲಿದ್ದ ಮಂದ ಪಾಕದೊಳಗೆ ನುಗ್ಗಿತು. ದೊಡ್ಡ ಸ್ಫೋಟಕ್ಕೆ ಕೆಲವೇ ದಿನ ಮೊದಲು ಹೊರಬಂದ ಲಾವಾ ಎರಡರ ಬೆರಕೆಯಾಗಿತ್ತು.

ಉಳಿಸುತ್ತಿಗೆ:
ಒಂದು ಕೇಳಬೇಕಿತ್ತು ಮೇಷ್ಟ್ರೇ. ಬಸಾಲ್ಟ್ ಭಾರ ಜಾಸ್ತಿ ಅಲ್ವಾ? ಹಾಗಿದ್ದರೆ ಮಚ್ಚೆಗಳೆಲ್ಲ ತಳದಲ್ಲೇ ಇರಬೇಕು. ಕ್ವಾರಿಯಲ್ಲಿ ಮೇಲೂ ಸಿಗುತ್ತವೆ, ಒಂದೊಂದು ಕಡೆ ಹಿಂಡು ಹಿಂಡಾಗಿ.

ಕಲ್ಲುಪಾಠ:
ಕೈಯಲ್ಲಿ ಕಲ್ಲು ಹಿಡಿದವರೇ ಕೇಳುವ ಪ್ರಶ್ನೆ ಇದು. ಹೌದು, ಮೊದಲು ತಳದಲ್ಲೇ ಹರಡಿ ನಿಲ್ಲುತ್ತದೆ. ಆದರೆ ತಳದಲ್ಲಿ ಬೆಂಕಿ ಇಟ್ಟ ಹಾಗಾಯಿತಲ್ಲ, ಮೇಲಿನ ಗ್ರಾನೈಟ್ ಪಾಕ ಕಾದು ಸುತ್ತಲು ಶುರುವಾಗುತ್ತದೆ. ಆ ಸುತ್ತಾಟದಲ್ಲಿ ಉಂಡೆಗಳು ಮೇಲೆ ಬರುತ್ತವೆ. ಜೊತೆಗೆ ಬಸಾಲ್ಟ್ ಹರಳು ಕಟ್ಟುವಾಗ ಅದರಲ್ಲಿದ್ದ ನೀರಿನ ಅಂಶ ಆವಿಯ ಗುಳ್ಳೆಯಾಗಿ ಬಿಡುಗಡೆಯಾಗುತ್ತದೆ. ಗುಳ್ಳೆ ತುಂಬಿದ ಉಂಡೆ ಹಗುರಾಗಿ ತೇಲುವುದೂ ಉಂಟು. ಹಿಂಡು ಸಿಗುವುದು ಹರಿವು ನಿಧಾನವಾದ ಕಡೆ. ನಿಮ್ಮ ಕ್ವಾರಿಯ ಹಿಂಡಿನಲ್ಲಿ ಉಂಡೆಗಳು ಒಂದೇ ದಿಕ್ಕಿಗೆ ಉದ್ದವಾಗಿದ್ದರೆ, ಪಾಕ ಆ ದಿಕ್ಕಿಗೆ ಹರಿದಿತ್ತು ಎಂದು ಹೇಳಬಹುದು.

ಉಳಿಸುತ್ತಿಗೆ:
ಒಂದೇ ದಿಕ್ಕಿಗಿವೆ. ಎಷ್ಟೋ ಸಲ ನೋಡಿದ್ದೇನೆ. ಯಾಕೆ ಅಂತ ಇವತ್ತು ಗೊತ್ತಾಯಿತು.

ಹೊಸನಗರದ_ಅಡಿಕೆ:
ನಮ್ಮ ಕಡೆ ಮನೆ ಕಟ್ಟುವ ಜಂಬಿಟ್ಟಿಗೆ ಕಲ್ಲಿನಲ್ಲೂ ಮಚ್ಚೆ ಇರುತ್ತದಲ್ಲ, ಅದೂ ಇದೇನಾ?

ಕಲ್ಲುಪಾಠ:
ಅಲ್ಲವೇ ಅಲ್ಲ. ಜಂಬಿಟ್ಟಿಗೆ ಕರಗಿ ಆದದ್ದಲ್ಲ, ಮಳೆಯಿಂದ ಆದದ್ದು. ಲಕ್ಷಾಂತರ ಮಳೆಗಾಲ ಉಳಿದದ್ದನ್ನೆಲ್ಲ ತೊಳೆದು ಕಬ್ಬಿಣ, ಅಲ್ಯೂಮಿನಿಯಂ ಬಿಟ್ಟು ಹೋಗಿರುತ್ತದೆ. ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ ಬುಕಾನನ್ 1801ರಲ್ಲಿ ನಿಮ್ಮ ಬಿದನೂರು ನಗರದ ಕಡೆಯೇ ಓಡಾಡಿದವರು. ಅದಕ್ಕೆ ಬೇರೆಯೇ ಚರ್ಚೆ ಬೇಕು.

ಹಳ್ಳದಂಚಿನ_ಮನೆ:
ನಮ್ಮ ಹಳ್ಳದ ಬಂಡೆಗೆ ಬನ್ನಿ ದಯವಿಟ್ಟು! ಇವತ್ತು ಬೆಳಗ್ಗೆ ಮಳೆ ಸ್ವಲ್ಪ ಹೊಳವಾಗಿತ್ತು. ಇಳಿದು ಪಾಚಿ ಕೆರೆದು ನೋಡಿದೆ. ಬಂಡೆ ಬೂದು ಬಿಳಿ, ಪಟ್ಟೆ ಪಟ್ಟೆ. ಕಪ್ಪು ಭಾಗ ಗುಂಡಗಿಲ್ಲ, ಎಳೆದ ಹಾಗೆ ಉದ್ದ. ಒಂದು ಕಡೆ ಕಪ್ಪು ತುಂಡು ಮುರಿದು, ಸಂದಿಯಲ್ಲಿ ಬಿಳಿ ಕಲ್ಲು ತುಂಬಿಕೊಂಡಿದೆ. ಗುಲಾಬಿ ಹರಳು ಇಲ್ಲ. ಕಪ್ಪು ಭಾಗದಲ್ಲೂ ಕಣಗಳೆಲ್ಲ ಒಂದೇ ದಿಕ್ಕಿಗೆ ಮಲಗಿವೆ.

ಕಲ್ಲುಪಾಠ:
ಎಷ್ಟು ಚೆನ್ನಾಗಿ ನೋಡಿದ್ದೀರಿ. ಅದು ಬೇರೆ. ನಿಮ್ಮ ಬಂಡೆ ಗ್ರಾನೈಟ್ ಅಲ್ಲ, ನೈಸ್ ಎಂಬ ಕಲ್ಲು, ಬಿಸಿ ಒತ್ತಡದಲ್ಲಿ ಮಾರ್ಪಟ್ಟು ಪಟ್ಟೆ ಪಟ್ಟೆಯಾದದ್ದು. ಕರ್ನಾಟಕದ ಬಹುಪಾಲು ನೆಲದ ಅಡಿಪಾಯ ಅದೇ, 300 ಕೋಟಿ ವರ್ಷ ಮತ್ತು ಅದಕ್ಕೂ ಹಳೆಯದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಅದೇ ಜಾತಿ. ಅದರೊಳಗಿನ ಕಪ್ಪು ಪಟ್ಟೆ ಆಂಫಿಬೊಲೈಟ್, ಅಂದರೆ ಹಾರ್ನ್‌ಬ್ಲೆಂಡ್ ತುಂಬಿದ ಕಲ್ಲು ಇರಬೇಕು. ಮುರಿದ ಸಂದಿಯಲ್ಲಿ ಬಿಳಿ ತುಂಬಿದೆ ಅಂದಿರಲ್ಲ, ಅಂದರೆ ಕಪ್ಪು ಆಗಲೇ ಗಟ್ಟಿ ಕಲ್ಲಾಗಿತ್ತು. ಬಿಳಿಯದು ಆಮೇಲೆ ನುಗ್ಗಿತು. ಆಮೇಲೆ ಎರಡೂ ಒಟ್ಟಿಗೆ ಬಿಸಿ ಒತ್ತಡದಲ್ಲಿ ಎಳೆಸಿಕೊಂಡವು.

ತುಂಗಾತೀರ ತಮ್ಮ, ನೀವು ಮೊದಲು ಹೇಳಿದ್ದು ಅಡುಗೆಮನೆ ಕಲ್ಲಿಗೆ ತಪ್ಪು, ಹಳ್ಳದ ಬಂಡೆಗೆ ಸರಿ.

ತುಂಗಾತೀರ:
ಬಹಳ ಖುಷಿಯಾಯಿತು ಸಾರ್. ಎರಡನ್ನೂ ಅಕ್ಕಪಕ್ಕ ನೋಡಿದ್ದರಿಂದಲೇ ವ್ಯತ್ಯಾಸ ಗೊತ್ತಾದದ್ದು. ಬೆರೆತದ್ದನ್ನು ದೊಡ್ಡದಾಗಿ ನೋಡಲು ಎಲ್ಲಿಗೆ ಹೋಗಬೇಕು?

ಕಲ್ಲುಪಾಠ:
ರಾಮನಗರಕ್ಕೆ. ಅದರ ಹಳೇ ಹೆಸರು ಕ್ಲೋಸ್‌ಪೇಟೆ, ಆ ಕಲ್ಲಿಗೂ ಅದೇ ಹೆಸರು. ಅಲ್ಲಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ, 20 ಕಿಲೋಮೀಟರ್ ಆಸುಪಾಸು ಅಗಲಕ್ಕೆ ಹೋಗುತ್ತದೆ. ವಯಸ್ಸು 250 ಕೋಟಿ ವರ್ಷದ ಮೇಲೆ ಸ್ವಲ್ಪ. ಮ್ಯಾಂಟಲಿನಿಂದ ಬಂದ ಪಾಕವೂ ನೆಲದ ಕಲ್ಲು ಕರಗಿ ಆದ ಪಾಕವೂ ಅಲ್ಲಿ ಬೆರೆತಿವೆ. ದೊಡ್ಡ ಗುಲಾಬಿ ಹರಳು, ಕಪ್ಪು ಉಂಡೆ ಎರಡೂ ಒಂದೇ ಬಂಡೆಯಲ್ಲಿ ಕಣ್ಣಿಗೆ ಬೀಳುತ್ತವೆ. ಸುತ್ತಿಗೆ ಬೇಡ, ನೀರಿನ ಬಾಟಲಿ ತೆಗೆದುಕೊಂಡು ಹೋಗಿ.

ಸಾಗರದ_ಅಕ್ಕ:
ಒಂದು ಅನುಮಾನ. ಮಚ್ಚೆ ಬಸಾಲ್ಟ್ ಹನಿ ಅಂದರೆ ಈಗಲೂ ಅದು ಬಸಾಲ್ಟೇನಾ? 250 ಕೋಟಿ ವರ್ಷ ಜೊತೆಗಿದ್ದು ಏನೂ ಬದಲಾಗಲಿಲ್ಲವಾ?

ಕಲ್ಲುಪಾಠ:
ಬದಲಾಗಿದೆ ಅಕ್ಕಾ, ಆದರೆ ಅದು ಆದದ್ದು ಬಿಸಿ ಇದ್ದಾಗಲೇ. ಪೊಟ್ಯಾಸಿಯಂ, ಸೋಡಿಯಂ ಚುರುಕು, ಸಿಲಿಕಾ ನಿಧಾನ. ಗಡಿ ದಾಟಿ ಪೊಟ್ಯಾಸಿಯಂ ಮಚ್ಚೆಯೊಳಗೆ ಹೋಗುತ್ತದೆ. ಅದರಿಂದ ಕರಿ ಕಾಗೆಬಂಗಾರ ಬೆಳೆಯುತ್ತದೆ. ಅಮ್ಮಾ, ನಿಮ್ಮ ಮಚ್ಚೆಯನ್ನು ಓರೆ ಬೆಳಕಿನಲ್ಲಿ ನೋಡಿ, ಮಿಣಮಿಣ ಅನ್ನುತ್ತದೆ. ಶುದ್ಧ ಬಸಾಲ್ಟಿನಲ್ಲಿ ಅದು ಅಷ್ಟಾಗಿ ಇರುವುದಿಲ್ಲ.

ಹಳ್ಳದಂಚಿನ_ಮನೆ:
ಟಾರ್ಚ್ ಹಿಡಿದು ನೋಡಿದೆ. ಮಿಣಮಿಣ ಅನ್ನುತ್ತಿದೆ! ಅತ್ತೆಯೂ ಬಂದು ನೋಡಿದರು.

ಮೇಸ್ತ್ರಿಗೆ ಎಲ್ಲ ಓದಿ ಹೇಳಿದೆ. ಅವರೂ ಭೂತಗನ್ನಡಿ ಈಸಿಕೊಂಡು ಗಡಿಯ ಮೇಲಿನ ಹರಳನ್ನು ಸುಮಾರು ಹೊತ್ತು ನೋಡಿದರು. ಆಮೇಲೆ ಸುಮ್ನೆ ಟೇಪು ತೆಗೆದು ಸಿಂಕ್ ತೂತನ್ನು ಒಂದೂವರೆ ಅಡಿ ಎಡಕ್ಕೆ ಗುರುತು ಹಾಕಿದರು. ಮಚ್ಚೆ ಈಗ ಕಿಟಕಿ ಕೆಳಗೆ ಬರುತ್ತದೆ.

ರಸಾಯನ_ಮೇಡಂ:
ಕಟ್ಟೆ ಕೂರಿಸಿದ ಮೇಲೆ ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಬರಬಹುದಾ? ಎಂಟು ಜನ ಇದ್ದಾರೆ.

ಹಳ್ಳದಂಚಿನ_ಮನೆ:
ಧಾರಾಳವಾಗಿ ಬನ್ನಿ. ಆದರೆ ದೀಪಾವಳಿ ಕಳೆದ ಮೇಲೆ ಬನ್ನಿ ಮೇಡಂ. ಬಂಡೆ ಈಗ ಮತ್ತೆ ನೀರಿನೊಳಗೆ ಹೋಗಿದೆ. ಎರಡನ್ನೂ ಒಂದೇ ದಿನ ತೋರಿಸಬೇಕು.